ಸೋರದ ರೆಕ್ಕೆ: ಮನೆಯಲ್ಲೇ ಕಟ್ಟುವ ವಿಮಾನಗಳ ಪೆಟ್ರೋಲ್ ಟ್ಯಾಂಕಿನ ಕಥೆ

ವಿಮಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎತ್ತರ, ವೇಗ, ದೂರ ಈ ಮೂರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 1903ರ ಡಿಸೆಂಬರಿನಲ್ಲಿ ರೈಟ್ ಸಹೋದರರು ಕಿಟಿ ಹಾಕ್ ಬಳಿ ಹಾರಿದ್ದು, 1927ರ ಮೇ ತಿಂಗಳಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿದ್ದು ಇಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ಆ ವಿಮಾನ ಹೊತ್ತೊಯ್ದ ಪೆಟ್ರೋಲು ಎಲ್ಲಿತ್ತು, ಅದು ಸೋರದಂತೆ ಏನು ಮಾಡಿದರು ಎಂದು ಕೇಳಿದರೆ ದೊಡ್ಡವರಾದ ನಮಗೂ ಉತ್ತರ ತೋಚದು. ಪೆಟ್ರೋಲಿಲ್ಲದೆ ವಿಮಾನವಿಲ್ಲ. ಪೆಟ್ರೋಲು ತನ್ನ ಜಾಗ ಬಿಟ್ಟು ಒಂದು ಹನಿ ಹೊರಗೆ ಬಂದರೂ ಅಪಾಯ ತಪ್ಪಿದ್ದಲ್ಲ.

ನಾವು ನೆಲೆಸಿರುವ ಈ ಅಮೆರಿಕದಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿ ಸಾಮಾನ್ಯ ನೌಕರಿ ಮಾಡುವ ಜನ ತಮ್ಮ ಮನೆಯ ಗ್ಯಾರೇಜಿನಲ್ಲಿ, ಸಂಜೆ ಮತ್ತು ಶನಿವಾರ ಭಾನುವಾರಗಳಲ್ಲಿ, ತಮ್ಮ ಕೈಯಿಂದಲೇ ವಿಮಾನ ಕಟ್ಟಿ ಹಾರಿಸುತ್ತಾರೆ. ನಮ್ಮೂರಿನಲ್ಲಿ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಇದೆಯಷ್ಟೆ. ವಿಮಾನ ಕಟ್ಟಿ ನೋಡು ಎಂದು ಸೇರಿಸುವುದು ನಮ್ಮ ಹಿರಿಯರಿಗೆ ಹೊಳೆಯಲಿಲ್ಲ. ಈ ಕೆಲಸದಲ್ಲಿ ಎಲ್ಲರೂ ಅಂಜುವ ಹಂತ ಯಾವುದೆಂದು ಕೇಳಿದರೆ, ಹತ್ತರಲ್ಲಿ ಎಂಟು ಮಂದಿ ಎಂಜಿನ್ನಿನ ಹೆಸರು ಹೇಳುವುದಿಲ್ಲ. ರೆಕ್ಕೆಯೊಳಗಿನ ಪೆಟ್ರೋಲ್ ಟ್ಯಾಂಕನ್ನು ಸೋರದಂತೆ ಮುಚ್ಚುವ ಕೆಲಸ ಎನ್ನುತ್ತಾರೆ. ಈ ಸಣ್ಣ ಕೆಲಸದ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಅದರ ಒಂದು ಕವಲು ನಮ್ಮ ಬೆಂಗಳೂರಿನ ಕೆರೆಯೊಂದನ್ನೂ ಮುಟ್ಟಿ ಹೋಗುತ್ತದೆ.

ಟ್ಯಾಂಕನ್ನು ಎಲ್ಲಿಡುವುದು?

ಮೊದಮೊದಲು ಪೆಟ್ರೋಲ್ ಟ್ಯಾಂಕು ಎಂದರೆ ಒಂದು ಪ್ರತ್ಯೇಕ ಪಾತ್ರೆ. ತಗಡನ್ನು ಮಡಿಸಿ, ಅಂಚುಗಳಿಗೆ ಬೆಸುಗೆ ಹಾಕಿ, ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿಬಿಡುತ್ತಿದ್ದರು. ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿದು ಎಂಜಿನ್ನಿಗೆ ಸೇರುತ್ತಿತ್ತು. ಸ್ನಾನದ ಮನೆಯ ಹಂಡೆ ಮಾಡುವ ಕಂಚುಗಾರನಿಗೂ ಈ ವಿದ್ಯೆ ಅಪರಿಚಿತವಲ್ಲ. ಬ್ರೆಜಿಲಿನ ಸಾಂತೋಸ್ ದುಮೋಂತ್ ಪ್ಯಾರಿಸ್ಸಿನಲ್ಲಿ ಕಟ್ಟಿದ ‘ದೆಮ್ವಾಸೆಲ್’ ಎಂಬ ಪುಟ್ಟ ವಿಮಾನದ ನಕ್ಷೆಗಳು 1910ರಲ್ಲಿ ಅಮೆರಿಕದ ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿ ಅಚ್ಚಾದವು. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಕ್ಕೆ ಅದನ್ನೇ ಶ್ರೀಕಾರವೆನ್ನಬಹುದು. 1929ರಲ್ಲಿ ಮಿನ್ನೆಸೋಟಾದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಕಾರಿನ ಎಂಜಿನ್ನನ್ನೇ ಕೂರಿಸಿ ಹಾರಿಸಿದ ಮರದ ವಿಮಾನವನ್ನು ಜನ ಇಂದಿಗೂ ಕಟ್ಟುತ್ತಿದ್ದಾರೆ.

ಈ ಪ್ರತ್ಯೇಕ ಟ್ಯಾಂಕಿಗೆ ಎರಡು ದೋಷಗಳಿದ್ದವು. ಒಂದನೆಯದು, ಎಂಜಿನ್ನಿನ ನಡುಕಕ್ಕೆ ಬೆಸುಗೆ ಬಿರುಕು ಬಿಡುತ್ತಿತ್ತು. ಎರಡನೆಯದು, ಸಣ್ಣ ವಿಮಾನಗಳಲ್ಲಿ ಟ್ಯಾಂಕಿಗೆ ಸಿಕ್ಕುವ ಜಾಗವೆಂದರೆ ಬಹುಮಟ್ಟಿಗೆ ಎಂಜಿನ್ನಿಗೂ ಚಾಲಕನಿಗೂ ನಡುವೆ, ಅವನ ತೊಡೆಯ ಮೇಲ್ಗಡೆ. ವಿಮಾನ ನೆಲಕ್ಕೆ ಬಡಿದರೆ ಪೆಟ್ರೋಲು ಅವನ ಮೈಮೇಲೆಯೇ. ಲಿಂಡ್‌ಬರ್ಗ್‌ನ ವಿಮಾನದಲ್ಲಿ ಐದು ಟ್ಯಾಂಕುಗಳಲ್ಲಿ ಸುಮಾರು 450 ಗ್ಯಾಲನ್ ಪೆಟ್ರೋಲಿತ್ತು. ದೊಡ್ಡ ಟ್ಯಾಂಕು ತನ್ನ ಬೆನ್ನ ಹಿಂದಿದ್ದರೆ, ಅಪಘಾತವಾದಾಗ ಎಂಜಿನ್ನಿಗೂ ಟ್ಯಾಂಕಿಗೂ ನಡುವೆ ತಾನು ಅಪ್ಪಚ್ಚಿಯಾಗುತ್ತೇನೆಂದು ಅವನು ಅದನ್ನು ಮುಂದಕ್ಕೆ ಇಡಿಸಿದ. ಫಲವಾಗಿ ನೇರ ಮುಂದಿನ ನೋಟವೇ ಮುಚ್ಚಿಹೋಯಿತು. ಮೂವತ್ತಮೂರೂವರೆ ಗಂಟೆಗಳ ಕಾಲ ಪಕ್ಕದ ಕಿಟಕಿಯಿಂದಲೂ ಒಂದು ಸಣ್ಣ ಪೆರಿಸ್ಕೋಪಿನಿಂದಲೂ ನೋಡಿಕೊಂಡೇ ಅವನು ಪ್ಯಾರಿಸ್ ಸೇರಿದ.

ರೆಕ್ಕೆಯೇ ಟ್ಯಾಂಕು

1930ರ ದಶಕದಲ್ಲಿ ಮರ ಮತ್ತು ಬಟ್ಟೆಯ ಬದಲು ಅಲ್ಯೂಮಿನಿಯಂ ತಗಡಿನ ರೆಕ್ಕೆಗಳು ಬಂದವು. ರೆಕ್ಕೆಯ ಒಳಗೆಲ್ಲ ಖಾಲಿ ಜಾಗ. ಅದರೊಳಗೆ ಇನ್ನೊಂದು ಪಾತ್ರೆಯನ್ನು ಇಡುವುದಕ್ಕಿಂತ ರೆಕ್ಕೆಯನ್ನೇ ಪಾತ್ರೆ ಮಾಡಿದರೇನು ಎಂಬ ಯೋಚನೆ ಇಂಜಿನಿಯರುಗಳಿಗೆ ಬಂತು. ಇದರಲ್ಲಿ ಲಾಭ ಬಹಳ. ಪ್ರತ್ಯೇಕ ಟ್ಯಾಂಕಿನ ತೂಕ ಉಳಿಯುತ್ತದೆ. ಪೆಟ್ರೋಲು ವಿಮಾನದ ಸಮತೋಲದ ಬಿಂದುವಿನ ಹತ್ತಿರವೇ ಇರುವುದರಿಂದ ಅದು ಖರ್ಚಾದಂತೆ ಮೂತಿ ಬಾಲಗಳ ತೂಕ ಹೆಚ್ಚು ಏರುಪೇರಾಗುವುದಿಲ್ಲ. ರೆಕ್ಕೆಯನ್ನು ಗಾಳಿ ಮೇಲಕ್ಕೆ ಬಾಗಿಸುವಾಗ ಪೆಟ್ರೋಲಿನ ಭಾರ ಅದನ್ನು ಕೆಳಕ್ಕೆ ಜಗ್ಗಿ ಹಿಡಿದು ರೆಕ್ಕೆಯ ಬುಡದ ಮೇಲಿನ ಒತ್ತಡವನ್ನು ಇಳಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ರೋಲು ಕುಳಿತವರ ಮಡಿಲಿನಿಂದ ದೂರ ಹೋಗುತ್ತದೆ. ಏರ್ ಇಂಡಿಯಾದ ಜಂಬೋ ಜೆಟ್ಟುಗಳಲ್ಲಿ ಕಿಟಕಿಯ ಪಕ್ಕ ಕುಳಿತು ಈ ದೇಶಕ್ಕೆ ಬಂದ ನಮ್ಮಲ್ಲಿ ಅನೇಕರು ನೋಡುತ್ತಿದ್ದ ಆ ವಿಶಾಲ ರೆಕ್ಕೆ ಇಂಧನದ ಬಣವೆಯಾಗಿತ್ತೆಂದು ಆಗ ನಮಗೆ ಗೊತ್ತಿರಲಿಲ್ಲ.

ಆದರೆ ಒಂದು ತೊಡಕು. ತಗಡಿನ ರೆಕ್ಕೆಯನ್ನು ಜೋಡಿಸುವುದು ಸಾವಿರಾರು ರಿವೆಟ್ಟುಗಳಿಂದ. ಒಂದೊಂದು ರಿವೆಟ್ಟಿಗೂ ಒಂದೊಂದು ತೂತು. ತೂತು ಕೊರೆದ ಪಾತ್ರೆಯಲ್ಲಿ ನೀರು ನಿಲ್ಲಿಸುವುದೇ ಕಷ್ಟ, ನೀರಿಗಿಂತ ತೆಳುವಾಗಿ ಹರಿಯುವ ಪೆಟ್ರೋಲನ್ನು ನಿಲ್ಲಿಸುವುದು ಹೇಗೆ? ಸಾಲದ್ದಕ್ಕೆ ಹಾರುವಾಗ ರೆಕ್ಕೆ ಬಾಗುತ್ತದೆ, ತಿರುಚುತ್ತದೆ, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಅಮೆರಿಕದ ಸೇನೆಗೆ 1930ರ ದಶಕದಲ್ಲಿ ಬಂದ ಸೆವರ್ಸ್ಕಿ ಪಿ-35 ಎಂಬ ಯುದ್ಧವಿಮಾನದ ರೆಕ್ಕೆ ಇಂತಹ ‘ಒದ್ದೆ ರೆಕ್ಕೆ’. ಅದು ಸೋರುವುದಕ್ಕೇ ಹೆಸರಾಯಿತು. ಜಪಾನಿನ ಮಿತ್ಸುಬಿಷಿ ಬಾಂಬರುಗಳ ರೆಕ್ಕೆಯ ಟ್ಯಾಂಕುಗಳಿಗೆ ಯುದ್ಧದ ಬಹುಪಾಲು ಕಾಲ ರಬ್ಬರಿನ ರಕ್ಷಣೆಯಿರಲಿಲ್ಲ. ಗುಂಡು ತಾಗಿದೊಡನೆ ಅವು ಹೊತ್ತಿಕೊಂಡು ಎಷ್ಟೋ ತರುಣರು ಆಕಾಶದಲ್ಲೇ ಬೂದಿಯಾದರು.

ಅದೇ ಕಾಲದ ಇನ್ನೊಂದು ವಿಮಾನ ಕ್ಯಾಟಲೀನಾ. 1935ರಲ್ಲಿ ಮೊದಲ ಸಲ ಹಾರಿದ ಈ ನೀರುವಿಮಾನ ದೋಣಿಯಂತೆ ನೀರಿನ ಮೇಲೆ ಇಳಿಯುತ್ತಿತ್ತು. ಅದರ ಎತ್ತರದ ರೆಕ್ಕೆಯ ನಡುಭಾಗವೇ ಪೆಟ್ರೋಲ್ ಟ್ಯಾಂಕು. ಸುಮಾರು 1,750 ಗ್ಯಾಲನ್ ಹಿಡಿಯುತ್ತಿತ್ತು. ಅಷ್ಟು ಪೆಟ್ರೋಲಿದ್ದುದರಿಂದಲೇ ಎರಡನೆಯ ಮಹಾಯುದ್ಧದಲ್ಲಿ ಅದು ಸಾಗರದ ಮೇಲೆ ಹಗಲೂ ರಾತ್ರಿ ಗಸ್ತು ತಿರುಗಬಲ್ಲುದಾಯಿತು. ಬೆಂಗಳೂರಿನ ಕೆರೆಯ ಮಾತು ಇಲ್ಲಿ ಬರುತ್ತದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆ ತನ್ನ ದುರಸ್ತಿ ಕೇಂದ್ರವಾಗಿ ನಡೆಸತೊಡಗಿತು. ದುರಸ್ತಿಗೆ ಬಂದ ಕ್ಯಾಟಲೀನಾಗಳು ಇಳಿಯುತ್ತಿದ್ದುದು ಹತ್ತಿರದ ಬೆಳ್ಳಂದೂರು ಕೆರೆಯ ಮೇಲೆ. ಹಳ್ಳಿಯ ಕೆರೆ ಆ ದಿನಗಳಲ್ಲಿ ವಿಮಾನ ನಿಲ್ದಾಣವಾಗಿತ್ತು! ಮೈಸೂರು ಸೀಮೆಯ ಕೆಲಸಗಾರರು ಪೆಟ್ರೋಲು ತುಂಬುವ ರೆಕ್ಕೆಯನ್ನು ಬಿಚ್ಚಿ ಜೋಡಿಸಿದ್ದು ನಮ್ಮಲ್ಲಿ ಬಹುಮಂದಿ ಹುಟ್ಟುವುದಕ್ಕೆ ಮೊದಲೇ.

ಗಬ್ಬುನಾತದ ಅಂಟು

ತೂತುಗಳನ್ನು ಮುಚ್ಚುವ ಸರಿಯಾದ ಅಂಟು ಸಿಕ್ಕಿದ್ದು ಆಕಸ್ಮಿಕವಾಗಿ. 1920ರ ದಶಕದಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ವೈದ್ಯ ಪದವೀಧರರೂ ರಸಾಯನಜ್ಞರೂ ಆಗಿದ್ದ ಜೋಸೆಫ್ ಪ್ಯಾಟ್ರಿಕ್ ಮತ್ತು ಅವರ ಸಂಗಾತಿ ನೇಥನ್ ಮ್ನೂಕಿನ್, ಚಳಿಗಾಲದಲ್ಲಿ ಕಾರಿನ ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಮಾಡುವ ದ್ರವವೊಂದನ್ನು ಅಗ್ಗವಾಗಿ ತಯಾರಿಸಲು ಹೊರಟಿದ್ದರು. ಎಥಿಲೀನ್ ಡೈಕ್ಲೋರೈಡಿಗೆ ಸೋಡಿಯಂ ಪಾಲಿಸಲ್ಫೈಡ್ ಬೆರೆಸಿದಾಗ ಬೇಕಾದ ದ್ರವ ಬರಲಿಲ್ಲ. ತಳದಲ್ಲಿ ರಬ್ಬರಿನಂತಹ, ಕೊಳೆತ ಮೊಟ್ಟೆಯ ನಾತದ ಮುದ್ದೆಯೊಂದು ಉಳಿಯಿತು. ತೊಳೆಯಲು ನೋಡಿದರೆ ಯಾವ ದ್ರವದಲ್ಲೂ ಅದು ಕರಗಲೊಲ್ಲದು. ಬೇರೆಯವರಾಗಿದ್ದರೆ ಪಾತ್ರೆಯ ಸಮೇತ ಎಸೆಯುತ್ತಿದ್ದರು. ಯಾವುದರಲ್ಲೂ ಕರಗದ ವಸ್ತು ಎಲ್ಲಾದರೂ ಉಪಯೋಗಕ್ಕೆ ಬರಲೇಬೇಕೆಂದು ಇವರು ಯೋಚಿಸಿದರು. ಗ್ರೀಕ್ ಭಾಷೆಯಲ್ಲಿ ಗಂಧಕ ಮತ್ತು ಅಂಟು ಎಂಬರ್ಥದ ಎರಡು ಪದಗಳನ್ನು ಕೂಡಿಸಿ ಅದಕ್ಕೆ ‘ಥಯೋಕಾಲ್’ ಎಂದು ಹೆಸರಿಟ್ಟರು. 1929ರಲ್ಲಿ ಅದೇ ಹೆಸರಿನ ಕಂಪನಿ ಆರಂಭವಾಯಿತು.

ಎಣ್ಣೆಗೂ ಪೆಟ್ರೋಲಿಗೂ ಜಗ್ಗದ ರಬ್ಬರು ಅದು. 1940ರ ದಶಕದಲ್ಲಿ ಅದನ್ನೇ ಜೇನಿನಂತೆ ಹರಿಯುವ ದ್ರವರೂಪದಲ್ಲಿ ತಯಾರಿಸಲು ಕಲಿತರು. ಹಚ್ಚುವಾಗ ಲೇಹದಂತಿದ್ದು, ಹಚ್ಚಿದ ಮೇಲೆ ರಬ್ಬರಾಗಿ ಗಟ್ಟಿಯಾಗುವ ಪದಾರ್ಥ ರೆಕ್ಕೆಯ ಟ್ಯಾಂಕಿಗೆ ಹೇಳಿ ಮಾಡಿಸಿದಂತಿತ್ತು. ಗಟ್ಟಿಯಾದ ಮೇಲೂ ಅದು ಮಣಿಯುತ್ತದೆ. ರೆಕ್ಕೆ ಬಾಗಿದರೆ ತಾನೂ ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಗಡುಸಾದ ಅಂಟಿಗಿಂತ ಮಣಿಯುವ ಅಂಟೇ ಹೆಚ್ಚು ಬಾಳುತ್ತದೆಂಬುದು ಇಲ್ಲಿನ ಗುಟ್ಟು. ಯುದ್ಧಾನಂತರದ ದೊಡ್ಡ ವಿಮಾನಗಳ ರೆಕ್ಕೆಗಳೆಲ್ಲ ಇದರ ಬಲದಿಂದಲೇ ಟ್ಯಾಂಕುಗಳಾದವು. ಆದರೂ ಇದಕ್ಕೂ ಒಂದು ಮಿತಿಯುಂಟು. 1964ರಲ್ಲಿ ಹಾರಿದ ಎಸ್‌ಆರ್-71 ಎಂಬ ಬೇಹುಗಾರಿಕೆಯ ವಿಮಾನ ಶಬ್ದದ ಮೂರು ಪಟ್ಟು ವೇಗದಲ್ಲಿ ಕಾಯ್ದು ಹಿಗ್ಗಿ, ಇಳಿದ ಮೇಲೆ ಕುಗ್ಗುತ್ತಿತ್ತು. ಅಂತಹ ಕಾವನ್ನು ಮತ್ತೆ ಮತ್ತೆ ತಾಳುವ ಅಂಟು ದೊರೆಯದೆ ಅದು ನೆಲದ ಮೇಲೆ ನಿಂತಲ್ಲೇ ತೊಟ್ಟಿಕ್ಕುತ್ತಿತ್ತು. ಸುಲಭವಾಗಿ ಹೊತ್ತಿಕೊಳ್ಳದ ವಿಶೇಷ ಇಂಧನವಾದ್ದರಿಂದ ಅದು ನಡೆಯಿತು. ಗ್ಯಾರೇಜಿನಲ್ಲಿ ಕಟ್ಟಿದ ವಿಮಾನಕ್ಕೆ ಆ ರಿಯಾಯಿತಿ ಇಲ್ಲ.

ಗ್ಯಾರೇಜಿಗೆ ಬಂದ ಒದ್ದೆ ರೆಕ್ಕೆ

ಮನೆಯಲ್ಲಿ ವಿಮಾನ ಕಟ್ಟುವ ಹಕ್ಕು ಇಲ್ಲಿನವರಿಗೂ ತಾನಾಗಿ ಬಂದುದಲ್ಲ. 1947ರಲ್ಲಿ, ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಆರೆಗಾನಿನ ಜಾರ್ಜ್ ಬೊಗಾರ್ಡಸ್ ತನ್ನ ಪುಟ್ಟ ವಿಮಾನದಲ್ಲಿ ದೇಶದ ಆ ತುದಿಯಿಂದ ವಾಷಿಂಗ್ಟನ್ನಿಗೆ ಹಾರಿ ಬಂದು ಅಧಿಕಾರಿಗಳ ಮುಂದೆ ಹವ್ಯಾಸಿಗಳ ಪರವಾಗಿ ವಾದಿಸಿದ. ಅನುಮತಿಯ ನಿಯಮಗಳು ಕ್ರಮೇಣ ರೂಪುಗೊಂಡವು. 1953ರ ಜನವರಿ 26ರಂದು, ನಮ್ಮ ಗಣರಾಜ್ಯ ದಿನದಂದೇ, ಮಿಲ್ವಾಕೀ ನಗರದಲ್ಲಿ ಪಾಲ್ ಪೊಬರೆಜ್ನಿ ಮತ್ತು ಗೆಳೆಯರು ಹವ್ಯಾಸಿ ವಿಮಾನ ನಿರ್ಮಾಪಕರ ಸಂಘವನ್ನು ಕಟ್ಟಿದರು. ಈ ಸಂಘದ ವಾರ್ಷಿಕ ಮೇಳ 1970ರಿಂದ ವಿಸ್ಕಾನ್ಸಿನ್ನಿನ ಆಷ್‌ಕಾಷ್‌ನಲ್ಲಿ ನೆಲೆ ನಿಂತಿದೆ. ನಮ್ಮ ಜಾತ್ರೆಗಳಲ್ಲಿ ತೇರು ನೋಡಲು ಸೇರುವಂತೆ ಅಲ್ಲಿ ಜನ ವಿಮಾನ ನೋಡಲು ಸೇರುತ್ತಾರೆ.

ಒದ್ದೆ ರೆಕ್ಕೆಯನ್ನು ಸಾಮಾನ್ಯನ ಗ್ಯಾರೇಜಿಗೆ ತಂದವರಲ್ಲಿ ಮುಖ್ಯರು ಆರೆಗಾನಿನ ಇಂಜಿನಿಯರ್ ರಿಚರ್ಡ್ ವಾನ್‌ಗ್ರನ್ಸ್‌ವೆನ್. 1971ರಲ್ಲಿ ಹಾರಿದ ಅವರ ಆರ್‌ವಿ-3 ಒಬ್ಬರು ಕೂರುವ ವಿಮಾನ. ಅದರ ಟ್ಯಾಂಕು ಮೊದಲಿಗೆ ಒಡಲಿನಲ್ಲೇ ಇತ್ತು. 1979ರಲ್ಲಿ ಹಾರಿದ ಇಬ್ಬರ ಆರ್‌ವಿ-4ರಲ್ಲಿ ಟ್ಯಾಂಕುಗಳು ರೆಕ್ಕೆಯ ಮುಂದಂಚಿಗೆ ಹೋದವು, ಒಂದೊಂದು ಪಕ್ಕಕ್ಕೆ 16 ಗ್ಯಾಲನ್. ಗ್ಯಾಲನ್ನಿಗೆ ಆರು ಪೌಂಡಿನಂತೆ ಒಂದೊಂದು ರೆಕ್ಕೆಯಲ್ಲಿ 96 ಪೌಂಡು ಪೆಟ್ರೋಲು. ಈ ಮನೆತನದ ವಿಮಾನಗಳು ಇಂದು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಅಷ್ಟೂ ಕುಟುಂಬಗಳು ಟ್ಯಾಂಕಿನ ಈ ಕಪ್ಪು ಅಂಟಿನ ಪರೀಕ್ಷೆಗೆ ಕುಳಿತವೇ.

ಪರೀಕ್ಷೆ ಹೀಗಿರುತ್ತದೆ. ಅಂಟು ಎರಡು ಡಬ್ಬಿಗಳಲ್ಲಿ ಬರುತ್ತದೆ, ಒಂದರಲ್ಲಿ ಬಿಳಿಯ ಲೇಹ, ಇನ್ನೊಂದರಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಇರುವ ಕಪ್ಪು ಲೇಹ. ತೂಕದಲ್ಲಿ ಹತ್ತಕ್ಕೆ ಒಂದರಂತೆ ಕಲಸಬೇಕು. ಅಡಿಗೆಯ ಮನೆಯ ತಕ್ಕಡಿ ಗ್ಯಾರೇಜು ಸೇರುವುದು ಆಗಲೇ. ಬಿಳಿಯ ಎಳೆ ಒಂದೂ ಕಾಣದಂತೆ ಕಲಸಿದ ಮೇಲೆ ಸುಮಾರು ಎರಡು ಗಂಟೆ ಕಾಲಾವಕಾಶ. ಸೆಖೆಯಿದ್ದರೆ ಇನ್ನೂ ಕಡಿಮೆ. ಅಷ್ಟರೊಳಗೆ ತಗಡಿನ ಅಂಚಿಗೆ ಬಳಿದು, ಪಕ್ಕೆಲುಬುಗಳನ್ನು ಕೂರಿಸಿ, ಒಂದೊಂದು ರಿವೆಟ್ಟನ್ನೂ ಅಂಟಿನಲ್ಲಿ ಅದ್ದಿ ಬಡಿದು, ಒಳಗಿನಿಂದ ಅದರ ತಲೆಯ ಮೇಲೆ ಮತ್ತೊಂದು ಉಂಡೆ ಅಂಟು ಕೂರಿಸಬೇಕು. ಎಲ್ಲಕ್ಕೂ ಮೊದಲು ತಗಡನ್ನು ಉಜ್ಜಿ, ದ್ರಾವಕದಿಂದ ಒರೆಸಿ, ಆಮೇಲೆ ಬೆರಳು ಸೋಕಿಸದಿರಬೇಕು. ಬೆರಳಿನ ಜಿಡ್ಡು ತಗುಲಿದ ಕಡೆ ಅಂಟು ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಮಡಿಯಲ್ಲಿ ಅಡಿಗೆ ಮಾಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಈ ಕೆಲಸ ಸಲೀಸಾಗಿ ಒಪ್ಪುತ್ತಿತ್ತು, ನಾತವೊಂದನ್ನು ಬಿಟ್ಟು! ಉಳಿದ ಅಂಟನ್ನು ಕೆಡದಂತೆ ತಣ್ಣಗೆ ಇಡಬೇಕಾದ್ದರಿಂದ ರೆಫ್ರಿಜರೇಟರಿನ ವಿಷಯದಲ್ಲಿ ಗಂಡ ಹೆಂಡಿರಿಗೆ ಮಾತು ಬೆಳೆದ ಮನೆಗಳೂ ಉಂಟು.

ಸೋರುವುದು ಎಲ್ಲಿ?

ಇಷ್ಟು ಮಾಡಿಯೂ ಟ್ಯಾಂಕು ಸೋರಬಹುದು. ಅದನ್ನು ಪೆಟ್ರೋಲು ತುಂಬುವ ಮೊದಲೇ ಕಂಡುಕೊಳ್ಳುವುದು ಜಾಣತನ. ಹವ್ಯಾಸಿಗಳು ಮಕ್ಕಳ ಬಲೂನನ್ನು ಟ್ಯಾಂಕಿನ ಒಂದು ಕೊಳವೆಗೆ ಕಟ್ಟಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ತುಂಬಿ, ರಿವೆಟ್ಟುಗಳ ಮೇಲೆ ಸೋಪಿನ ನೀರು ಸವರುತ್ತಾರೆ. ಗುಳ್ಳೆ ಎದ್ದರೆ ಸೋರಿಕೆ. ಬಲೂನು ಕಟ್ಟುವುದು ಆಟಕ್ಕಲ್ಲ. ಚದರ ಇಂಚಿಗೆ ಒಂದೇ ಪೌಂಡು ಒತ್ತಡವೆಂದರೂ ಒಂದು ಚದರ ಅಡಿ ತಗಡಿನ ಮೇಲೆ ಬೀಳುವುದು 144 ಪೌಂಡು! ಒತ್ತಡ ಹೆಚ್ಚಾದರೆ ಟ್ಯಾಂಕೇ ಉಬ್ಬಿ ಕೆಟ್ಟೀತು. ಅದಕ್ಕೆ ಮುಂಚೆ ಬಲೂನು ಹಿಗ್ಗಿ ಎಚ್ಚರಿಕೆ ಕೊಡುತ್ತದೆ.

ಹಾರತೊಡಗಿದ ಮೇಲೆ ಕಾಣುವ ಸೋರಿಕೆಯ ಗುರುತು ಬೇರೆ. ಇಲ್ಲಿನ ವಿಮಾನದ ಪೆಟ್ರೋಲಿಗೆ ದರ್ಜೆಯ ಗುರುತಿಗಾಗಿ ಬಣ್ಣ ಬೆರೆಸುತ್ತಾರೆ. ಹಿಂದಿನ ಕಾಲದಲ್ಲಿ ಕೆಂಪು, ಹಸಿರು ಬಣ್ಣಗಳಿದ್ದವು, ಆಮೇಲೆ ಹೆಚ್ಚು ಬಳಕೆಗೆ ಬಂದದ್ದು ತಿಳಿನೀಲಿ. ಪೆಟ್ರೋಲು ಆರಿಹೋದರೂ ರಿವೆಟ್ಟಿನ ಸುತ್ತ ನೀಲಿ ಕಲೆ ಉಳಿಯುತ್ತದೆ. ಆದರೆ ಕಲೆ ಇರುವಲ್ಲಿಯೇ ತೂತಿದೆಯೆಂದು ನಂಬಿದರೆ ಕೆಟ್ಟೆವು. ಮಲೆನಾಡಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಂಚು ಒಡೆದಿರುವುದು ಒಂದು ಕಡೆ. ನೀರು ರೀಪಿನ ಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಟ್ಯಾಂಕಿನಲ್ಲೂ ಪೆಟ್ರೋಲು ಒಳಗೆ ಒಂದು ಕಡೆ ಅಂಟಿನಡಿಗೆ ನುಗ್ಗಿ, ಎರಡು ತಗಡುಗಳ ನಡುವೆ ಹರಿದು, ಮೊಳ ದೂರದ ರಿವೆಟ್ಟಿನಲ್ಲಿ ಹೊರಬೀಳುತ್ತದೆ. ಹೊರಗಿನಿಂದ ಏನು ಮೆತ್ತಿದರೂ ಒಳಗಿನ ಪೆಟ್ರೋಲು ಅದನ್ನು ನೂಕುತ್ತದೆ. ಪೆಟ್ರೋಲನ್ನೆಲ್ಲ ಬಸಿದು, ಆವಿ ಹೋಗುವವರೆಗೆ ಗಾಳಿಯಾಡಿಸಿ, ಹಿಂಬದಿಯ ತಗಡಿನಲ್ಲಿ ಕೈ ಹೋಗುವಷ್ಟು ಕಿಂಡಿ ಕತ್ತರಿಸಿ, ಹಳೆಯ ಅಂಟನ್ನು ಕೆರೆದು ಹೊಸದನ್ನು ಹಚ್ಚುವುದೇ ನಿಜವಾದ ಚಿಕಿತ್ಸೆ. ಒಂದೇ ರಿವೆಟ್ಟು ಜಿನುಗುತ್ತಿದ್ದರೆ, ಟ್ಯಾಂಕಿನ ಒಳಗಿನ ಗಾಳಿಯನ್ನು ಸ್ವಲ್ಪವೇ ಹೊರಗೆಳೆದು, ತೆಳುವಾದ ಅಂಟಿನ ಹನಿಯನ್ನು ರಿವೆಟ್ಟಿನ ತಲೆಗೆ ಬಿಟ್ಟು, ಅದು ತಾನೇ ಒಳಕ್ಕೆ ಹೀರಿಕೊಳ್ಳುವಂತೆ ಮಾಡುವುದೂ ಉಂಟು. ಇದಕ್ಕೆ ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಹಚ್ಚುವುದು ಸಾವಿಗೆ ಆಹ್ವಾನ. ಅದರ ಮೋಟರಿನ ಕಿಡಿ ಪೆಟ್ರೋಲಿನ ಆವಿಗೆ ಸಾಕು.

ಅಡ್ಡದಾರಿಯೊಂದು ಬಂದು ಹೋದ ಕಥೆಯನ್ನು ಇಲ್ಲಿ ಹೇಳಲೇಬೇಕು. ರಿವೆಟ್ಟುಗಳಿಗೆ ಒಂದೊಂದಾಗಿ ಅಂಟು ಹಚ್ಚಿದ ಮೇಲೆ ಬಣ್ಣದಂತಹ ದ್ರವವೊಂದನ್ನು ಟ್ಯಾಂಕಿಗೆ ಸುರಿದು, ಟ್ಯಾಂಕನ್ನು ಅತ್ತಿತ್ತ ಉರುಳಿಸಿ, ಒಳಗೆಲ್ಲ ಲೇಪವಾಗಿಸುವ ಪದ್ಧತಿ ಕೆಲಕಾಲ ರೂಢಿಯಲ್ಲಿತ್ತು. ಬಹಳ ಸುಲಭ. ಆದರೆ ವರ್ಷಗಳು ಕಳೆದಂತೆ, ಅದರಲ್ಲೂ ಮದ್ಯಸಾರ ಬೆರೆತ ಕಾರಿನ ಪೆಟ್ರೋಲು ಹಾಕಿದ ಕಡೆ, ಆ ಲೇಪ ಸುಣ್ಣ ಬಳಿದ ಗೋಡೆಯಂತೆ ಹಕ್ಕಳೆಯಾಗಿ ಏಳತೊಡಗಿತು. ಎದ್ದ ಹಕ್ಕಳೆಗಳು ಪೆಟ್ರೋಲಿನ ಕೊಳವೆಯ ಬಾಯಿಯ ಜಾಲರಿಗೆ ಮೆತ್ತಿಕೊಂಡವು. ಟ್ಯಾಂಕು ತುಂಬಿದ್ದೂ ಎಂಜಿನ್ನಿಗೆ ಪೆಟ್ರೋಲಿಲ್ಲ! ಸೋರಿಕೆಗಿಂತ ಚಿಕಿತ್ಸೆಯೇ ಹೆಚ್ಚು ಅಪಾಯವೆಂದು ತಿಳಿದ ಮೇಲೆ ಆ ಪದ್ಧತಿ ಕೈಬಿಟ್ಟಿತು. ಹಾಗೆ ಮಾಡಿಕೊಂಡಿದ್ದವರು ಟ್ಯಾಂಕಿಗೆ ಕಿಂಡಿ ಕೊರೆದು ಲೇಪವನ್ನು ಅಂಗುಲ ಅಂಗುಲವಾಗಿ ಕಿತ್ತು ತೆಗೆಯಬೇಕಾಯಿತು.

ಗಾಜಿನೆಳೆಯ ರೆಕ್ಕೆ ಮತ್ತು 1986ನೆಯ ಇಸವಿ

ರಿವೆಟ್ಟೇ ಇಲ್ಲದಿದ್ದರೆ ತೂತೆಲ್ಲಿ? ಕ್ಯಾಲಿಫೋರ್ನಿಯಾದ ಬರ್ಟ್ ರುಟಾನ್ ಈ ದಾರಿ ಹಿಡಿದರು. 1975ರ ವ್ಯಾರಿ-ಈಜಿ, 1979ರ ಲಾಂಗ್-ಈಜೆಡ್ ವಿಮಾನಗಳನ್ನು ನೊರೆಯಂತಹ ಹಗುರ ಪ್ಲಾಸ್ಟಿಕ್ಕಿನ ಮೇಲೆ ಗಾಜಿನೆಳೆಯ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟಿನಲ್ಲಿ ತೋಯಿಸಿ ಕಟ್ಟುತ್ತಾರೆ. ಟ್ಯಾಂಕು ರೆಕ್ಕೆಯ ಬುಡದಲ್ಲಿ. ಇಲ್ಲಿ ರಿವೆಟ್ಟಿನ ಕಾಟವಿಲ್ಲ, ಆದರೆ ಸೂಜಿಮೊನೆಯಷ್ಟು ರಂಧ್ರಗಳ ಕಾಟವಿದೆ. ಅಂಟು ಸಾಲದೆ ಬಟ್ಟೆ ಒಣಗಿದ ಕಡೆಯೆಲ್ಲ ಪೆಟ್ರೋಲು ಬೆವರಿನಂತೆ ಒಸರುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1980ರ ದಶಕದಲ್ಲಿ ಈ ಲಾಂಗ್-ಈಜೆಡ್ ಮಾದರಿಯನ್ನೇ ಆಧರಿಸಿ ಸಂಶೋಧನಾ ವಿಮಾನವೊಂದನ್ನು ಕಟ್ಟಿ ಹಾರಿಸಿತು. ಅಮೆರಿಕದ ಗ್ಯಾರೇಜಿನ ವಿದ್ಯೆ ನಮ್ಮ ರಾಜಧಾನಿಯ ಪ್ರಯೋಗಾಲಯಕ್ಕೆ ಪಾಠವಾದದ್ದು ಹೀಗೆ. 1990ರ ದಶಕದ ‘ಹಂಸ’ ವಿಮಾನವನ್ನೂ ಆ ಪ್ರಯೋಗಾಲಯ ಗಾಜಿನೆಳೆಯಿಂದಲೇ ಕಟ್ಟಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ‘ತೇಜಸ್’ ಯುದ್ಧವಿಮಾನದ ಇಂಗಾಲದೆಳೆಯ ರೆಕ್ಕೆಯೂ ಇಂಧನದ ಟ್ಯಾಂಕೇ.

1986ನೆಯ ಇಸವಿ ಈ ಚರಿತ್ರೆಯಲ್ಲಿ ವಿಚಿತ್ರವಾದ ವರ್ಷ. ಪ್ಯಾಟ್ರಿಕ್ಕರ ನಾತದ ಅಂಟಿನಿಂದ ಹುಟ್ಟಿದ ಕಂಪನಿ, ಅದೇ ದ್ರವರಬ್ಬರು ರಾಕೆಟ್ಟಿನ ಘನ ಇಂಧನವನ್ನೂ ಹಿಡಿದಿಡುತ್ತದೆಂದು ಕಂಡುಕೊಂಡು, ಆ ವೇಳೆಗೆ ದೊಡ್ಡ ರಾಕೆಟ್ ತಯಾರಕನಾಗಿತ್ತು. ಜನವರಿ 28ರ ಕೊರೆಯುವ ಚಳಿಯಲ್ಲಿ ಅದು ಕಟ್ಟಿದ ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರಿನ ಉಂಗುರ ಬಿರುಸಾಗಿ, ಬೆಂಕಿ ಸೋರಿ, ‘ಚಾಲೆಂಜರ್’ ನೌಕೆ ಏಳು ಜನರೊಡನೆ ನಾಶವಾಯಿತು. ಅದೇ ವರ್ಷದ ಡಿಸೆಂಬರ್ 14ರಂದು ರುಟಾನರ ‘ವಾಯೇಜರ್’ ಹೊರಟಿತು. 17 ಟ್ಯಾಂಕುಗಳಲ್ಲಿ 7,011 ಪೌಂಡು ಪೆಟ್ರೋಲು ಹೊತ್ತ ಅದು ಹಾರುವ ಟ್ಯಾಂಕೇ ಸರಿ. ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಇಬ್ಬರೂ ಎಲ್ಲಿಯೂ ಇಳಿಯದೆ, ಮತ್ತೆ ಪೆಟ್ರೋಲು ತುಂಬದೆ, 9 ದಿನ 3 ನಿಮಿಷ 44 ಸೆಕೆಂಡುಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಇಳಿದಾಗ ಉಳಿದಿದ್ದುದು ಸುಮಾರು 106 ಪೌಂಡು, ಅಂದರೆ ಹದಿನೆಂಟು ಗ್ಯಾಲನ್ನಿಗಿಂತ ಕಡಿಮೆ. ದಾರಿಯಲ್ಲಿ ಗಂಟೆಗೆ ಒಂದು ಲೋಟದಷ್ಟು ಹೆಚ್ಚಾಗಿ ಸೋರಿದ್ದರೂ ಉಳಿದುದರ ಬಹುಪಾಲು ಇಲ್ಲವಾಗುತ್ತಿತ್ತು. ಮುಚ್ಚಿದ್ದು ಬಿಗಿಯಾಗಿದ್ದರೆ ಏನಾಗುತ್ತದೆ, ಬಿಗಿಯಾಗಿರದಿದ್ದರೆ ಏನಾಗುತ್ತದೆ ಎಂಬ ಎರಡನ್ನೂ ಆ ಒಂದೇ ವರ್ಷ ತೋರಿಸಿತು.

ಯಾರ ಹೊಣೆ?

ಹವ್ಯಾಸಿ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕೆಂಬುದು ಈ ದೇಶದ ನಿಯಮ. ‘ಪ್ರಾಯೋಗಿಕ’ ಎಂಬ ಪದವನ್ನು ವಿಮಾನದ ಮೇಲೆ ಕಾಣುವಂತೆ ಬರೆದಿರಬೇಕು. ಸರ್ಕಾರದ ಪರೀಕ್ಷಕರು ಬಂದು ನೋಡುತ್ತಾರೆ, ಆದರೆ ಮುಚ್ಚಿದ ಟ್ಯಾಂಕಿನೊಳಗೆ ಯಾರ ಕಣ್ಣೂ ಹೋಗುವುದಿಲ್ಲ. ಅಲ್ಲಿ ಕೆಲಸ ಮಾಡಿದವನ ಮನಸ್ಸಾಕ್ಷಿಯೇ ಪರೀಕ್ಷಕ. ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದ ಹೊಸದರಲ್ಲಿ ರೇಡಿಯೋದಲ್ಲಿ ಕೇಳಿ ಮೆಚ್ಚಿದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ತಾವು ಕೊಂಡಿದ್ದ ಲಾಂಗ್-ಈಜೆಡ್ ವಿಮಾನದಲ್ಲಿ ತೀರಿಕೊಂಡರು. ಅಲ್ಲಿ ಟ್ಯಾಂಕು ಸೋರಿರಲಿಲ್ಲ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ಹಿಡಿಯನ್ನು ಕಟ್ಟಿದವರು ನಕ್ಷೆಯಲ್ಲಿದ್ದಂತೆ ಇಡದೆ ಚಾಲಕನ ಎಡಭುಜದ ಹಿಂದೆ, ಕೈಗೆ ಸುಲಭವಾಗಿ ಎಟುಕದ ಕಡೆ ಇಟ್ಟಿದ್ದರೆಂದು ತನಿಖೆಯಲ್ಲಿ ಕಂಡುಬಂತು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಹಾರಿಸುತ್ತಾರೆ. ಕಟ್ಟಿದವರ ಒಂದು ತೀರ್ಮಾನ ವರ್ಷಗಳ ಮೇಲೆ ಪರಿಚಯವೇ ಇಲ್ಲದವರ ತಲೆಯ ಮೇಲೆ ಬೀಳುತ್ತದೆ.

ಕಥೆ ಇನ್ನೂ ಮುಗಿದಿಲ್ಲ. ವಿಮಾನದ ಪೆಟ್ರೋಲಿನಲ್ಲಿರುವ ಸೀಸವನ್ನು 2030ರೊಳಗೆ ತೊಲಗಿಸಬೇಕೆಂದು ಇಲ್ಲಿನ ಸರ್ಕಾರವೂ ಉದ್ಯಮವೂ ಗುರಿ ಇಟ್ಟುಕೊಂಡಿವೆ. ಮಕ್ಕಳ ಆರೋಗ್ಯದ ದೃಷ್ಟಿಯಿಂದ ಇದು ಆಗಬೇಕಾದ ಕೆಲಸ. ಆದರೆ ಒಂದೊಂದು ಹೊಸ ಇಂಧನ ಬಂದಾಗಲೂ ಅದು ಹಳೆಯ ಅಂಟನ್ನು ಮೆತ್ತಗೆ ಮಾಡೀತೇ, ಉಬ್ಬಿಸೀತೇ, ಎಬ್ಬಿಸೀತೇ ಎಂದು ಮತ್ತೆ ನೋಡಬೇಕು. ಲೇಪದ ಹಕ್ಕಳೆಗಳನ್ನು ಕಂಡವರು ಈ ಪ್ರಶ್ನೆಯನ್ನು ಹಗುರವಾಗಿ ಎಣಿಸುವುದಿಲ್ಲ.

ನಮ್ಮ ಸದಸ್ಯ ಕುಟುಂಬಗಳ ಮಕ್ಕಳಲ್ಲಿ ಯಾರಾದರೂ ಮುಂದೆ ವಿಮಾನ ಕಟ್ಟುವ ಆಸೆ ತೋರಿಸಿದರೆ ತಂದೆ ತಾಯಿಗಳು ಅಂಜಿ ಬೇಡವೆನ್ನಬಾರದೆಂದು ನಮ್ಮ ಕೋರಿಕೆ. ಹತ್ತಿರದ ಹವ್ಯಾಸಿಗಳ ಶಾಖೆಗೆ ಕರೆದುಕೊಂಡು ಹೋಗಿ, ಕಪ್ಪು ಅಂಟು ಮೆತ್ತಿದ ಕೈಗಳ ಹಿರಿಯರೊಬ್ಬರ ಪಕ್ಕದಲ್ಲಿ ನಿಲ್ಲಿಸಿರಿ. ತಗಡು ಒರೆಸುವುದರಿಂದ ಪಾಠ ಶುರುವಾಗಲಿ.